ಗಂಜಿ ಹಾಕಿದ ಬಿಳಿ ಕೋಟು

ನಮ್ಮ ಮನೆಯಲ್ಲಿ ಸುಮ್ಮನೆ ಕೂತರೂ ಬೈಗುಳ, ಒಳ್ಳೆಯ ಕೆಲಸ ಮಾಡಿದರೂ ಬೈಗುಳ. ನನಗೋ ಸುಮ್ಮನೆ ಕೂರುವುದು ಹುಟ್ಟಿನಿಂದ ಬಂದದ್ದಲ್ಲ.

ಮಗಳು ದಂತವೈದ್ಯ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಮರುದಿನ ಹಲ್ಲು ಕೀಳುವ ಪರೀಕ್ಷೆ. ಪೇಷಂಟನ್ನು ವಿದ್ಯಾರ್ಥಿಯೇ ಕರೆತರಬೇಕು, ಇಲ್ಲದಿದ್ದರೆ ಫೇಲು. ಮೇಲಿನ ಮನೆಯ ಟೈಲರ್ ತನ್ನ ಹುಳುಕು ಹಲ್ಲನ್ನು ದಾನ ಮಾಡಲು ಒಪ್ಪಿದ್ದ. ಇನ್ನು ಉಡುಪಿನ ಸಂವಿಧಾನ: ಕ್ಲಾಸಿಗೆ ಜೀನ್ಸ್ ಕೂಡದು; ಕ್ಲಿನಿಕ್ಕಿನಲ್ಲಿ ಬಳೆ, ಉಂಗುರ, ಉದ್ದ ಉಗುರು ಕೂಡದು, ಕೂದಲು ಬಿಡಕೂಡದು; ಹೆಸರು ಹೊಲಿದ ತನ್ನದೇ ಬಿಳಿ ಕೋಟು, ಮಣಿಕಟ್ಟಿನವರೆಗೆ ತೋಳು ಇರಲೇಬೇಕು. ಇಷ್ಟೆಲ್ಲ ಕಟ್ಟುಪಾಡು ನನ್ನ ಮದುವೆಯಲ್ಲೂ ಇರಲಿಲ್ಲ. (ಆಮೇಲೆ ಬಂದವು.)

ಕೋಟು ಕೊಂಚ ಮುದುಡಿತ್ತು. ನನಗೆ ತಡೆಯಲಾಗಲಿಲ್ಲ. ನಾನು ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಆಯಸ್ಸು ಕಳೆದವನು. ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನಾನು ಗರಿಗರಿ ಸಮವಸ್ತ್ರದಲ್ಲಿ ನೆಟ್ಟಗೆ ನಿಂತಿದ್ದರೆ ಸಾಕಿತ್ತು. ಬಟ್ಟೆಗೆ ಗಂಜಿ ಹಾಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿ ಕೋಟನ್ನು ಅದ್ದಿದೆ.

“ರೀ, ಅವಳ ಕೋಟು ಮುಟ್ಬೇಡಿ ಅಂದಿರ್ಲಿಲ್ವಾ?” ಎಂದಳು ಹೆಂಡತಿ.

“ಪರೀಕ್ಷಕರು ಮೊದಲು ನೋಡೋದೇ ಕೋಟು ಕಣೇ.”

“ಹಲ್ಲುನೋವಿಗೆ ಮಗಳ ಹತ್ರ ತೋರಿಸ್ಕೊಳ್ಳಿ ಅಂದ್ರೆ ಲವಂಗ ಕಚ್ಕೊಂಡು ಕೂರ್ತೀರಿ. ಇಂಥದಕ್ಕೆಲ್ಲ ಮುಂದು!”

“ನೋವು ಯಾವತ್ತೋ ಹೋಯ್ತು” ಎಂದೆ, ಕೆನ್ನೆ ಹಿಡಿದುಕೊಂಡು.

ಬೆಳಿಗ್ಗೆ ಕೋಟು ಹ್ಯಾಂಗರಿನ ಹಂಗಿಲ್ಲದೆ ಗೋಡೆಗೊರಗಿ ನಿಂತಿತ್ತು.

“ಅಪ್ಪಾ, ಏನ್ ಮಾಡಿದೀಯ ನೀನು!”

“ನೋಡು, ಎಷ್ಟು ಗತ್ತಾಗಿದೆ!”

ಮತ್ತೆ ಒಗೆದು ಒಣಗಿಸಲು ಹೊತ್ತಿರಲಿಲ್ಲ. ಕೋಟನ್ನು ಕನ್ನಡಿಯ ಹಾಗೆ ಜೋಪಾನವಾಗಿ ಹಿಡಿದುಕೊಂಡು ನಾನೂ ಹೊರಟೆ. ನನ್ನನ್ನು ಕಾಯಲು ಹೆಂಡತಿಯೂ ಹೊರಟಳು.

ಕ್ಲಿನಿಕ್ಕಿನಲ್ಲಿ ಕೋಟಿನೊಳಗೆ ತೂರಿಕೊಂಡ ಮಗಳ ಮೊಣಕೈ ಮಡಚಲೇ ಇಲ್ಲ. ಎರಡೂ ತೋಳು ಮುಂದಕ್ಕೆ ಚಾಚಿ, ಇಕ್ಕಳ ಹಿಡಿದು, ಚರಚರ ಸದ್ದು ಮಾಡುತ್ತ ಅವಳು ಬರುವುದನ್ನು ಕಂಡ ಟೈಲರ್ ಕುರ್ಚಿಯಿಂದ ಜಿಗಿದ. “ನನ್ನ ಹಲ್ಲು ನಂಗಿರ್ಲಿ ತಾಯಿ!” ಎಂದವನೇ ಕಾಲಿಗೆ ಬುದ್ಧಿ ಹೇಳಿದ.

ಮಗಳ ಕಣ್ಣು ತುಂಬಿ ಬಂತು. ವರ್ಷಗಟ್ಟಲೆ ಓದಿದ್ದೆಲ್ಲ ನನ್ನ ಬಕೆಟ್ಟಿನಲ್ಲಿ ಮುಳುಗಿತಲ್ಲ! ನಿಂತಲ್ಲಿ ನಿಲ್ಲಲಾರದೆ ಶತಪಥ ತಿರುಗಿದೆ.

“ಪೇಷಂಟ್ ಎಲ್ಲಮ್ಮಾ?” ಎಂದರು ಪರೀಕ್ಷಕರು.

“ಇಲ್ಲೇ ಇದಾರೆ ಸಾರ್. ಬಲಗಡೆ, ಕೆಳಗಿನ ದವಡೆ ಹಲ್ಲು” ಎಂದು ಹೆಂಡತಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದಳು.

ಪರೀಕ್ಷಕರು ಇಣುಕಿ ನೋಡಿ, ಇದನ್ನು ಕೀಳಲೇಬೇಕು ಎಂದರು.

“ಕೂತ್ಕೊಳ್ಳಿ. ಬಾಯಿ ತೆಗೀರಿ” ಎಂದಳು ಮಗಳು. ಮಾತು ಕಲಿತಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವಳು! ಆ ಮರ್ಯಾದೆಗೆ ಹೆದರಿಯೇ ನಾನು ಕೂತುಬಿಟ್ಟೆ.

ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸಿದಳು. ಬಾಗದ ತೋಳಿನಿಂದ, ಭುಜದ ಬಲದಲ್ಲೇ ತಿರುಗಿಸಿ ಎಳೆದಳು. ಹಲ್ಲು ಇಡಿಯಾಗಿ ಈಚೆ ಬಂತು.

“ಭೇಷ್!” ಎಂದರು ಪರೀಕ್ಷಕರು. “ಮೊಣಕೈ ಒಂಚೂರೂ ಅಲುಗಾಡ್ಲಿಲ್ಲ. ಇಂಥ ಕೈ ನಾನು ನೋಡೇ ಇಲ್ಲ. ಎಲ್ಲಿಂದ ಬಂತಮ್ಮಾ ಇದು?”

ನಾನು ತಡಬಡಿಸಿ ಎದ್ದೆ. ಗಂಜಿ! ನನ್ನ ಗಂಜಿ! ಆದರೆ ಬಾಯಿ ತುಂಬ ಹತ್ತಿ. ಕಚ್ಚಿಕೊಂಡೇ ಇರಬೇಕೆಂದು ಅಪ್ಪಣೆ. ಕೋಟು ತೋರಿಸಿದೆ, ಎದೆ ತಟ್ಟಿಕೊಂಡೆ, “ಊಂ! ಊಂ!” ಎಂದೆ.

“ನಮ್ಮ ತವರಿನವರ ಕೈನೇ ಹಾಗೆ ಸಾರ್” ಎಂದಳು ಹೆಂಡತಿ. “ನೋಡಿ, ಇವರೂ ಹೂಂ ಅಂತಿದಾರೆ.”