ಎಮ್ಮಿಗೆ ತಾಮ್ರ ಕಡಿಮಿ ಬಿದ್ದಾಗ

ದನದ ಡಾಕ್ಟರ ಜೀಪು ಓಡಿಸೋನಿಗೆ ನಗು ಹುಡುಕೋ ಕೆಲಸ ಇಲ್ಲ; ಅದೇ ದಾರ್ಯಾಗ ಅಡ್ಡ ನಿಂತು ಕೈ ಮಾಡ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟು, ಎಲ್ಲೂ ಕಾಲೂರದೆ ತಿರುಗಿದ ನನಗೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸುತ್ತೋದನ್ನೇ ಕೆಲಸ ಮಾಡಿ ಕೊಟ್ಟವರ ಹೊಟ್ಟೆ ತಣ್ಣಗಿರಲಿ. ಅಕ್ಕಿಆಲೂರ ಹತ್ತಿರದ ಒಬ್ಬ ಅಜ್ಜಿಯ ಮನೆಯದಷ್ಟೇ ಹೇಳ್ತೇನಿ.

ಹಂಡೆ

ಅಜ್ಜಿಗೆ ಇದ್ದದ್ದು ಒಂದೇ ಎಮ್ಮೆ, ಚೊಚ್ಚಲ ಗಬ್ಬ. ಹಿಂಗಾಲು ಬಾತು, ಮೇವು ಬಿಟ್ಟು ನಿಂತಿತ್ತು. ಅದು ಉಳಿದು ಈದರೆ ಮನೆಗೆ ಹಾಲು, ಇಲ್ಲಂದ್ರೆ ಅಜ್ಜ-ಅಜ್ಜಿಗೆ ಜೀವನವೇ ಕಷ್ಟ. ನಮ್ಮ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು:

"ತಾಮ್ರ, ಸತು ಕಡಿಮಿ ಬಿದ್ದಾವ್ರಿ. ಅವು ಸಾಕಷ್ಟು ಇಲ್ಲಂದ್ರ ರಕ್ತನಾಳದ ಗ್ವಾಡಿ ಸೊರಗತೈತಿ, ಉರಿಯೂತ ಲಗೂ ಏರತೈತಿ. ಇಂಜೆಕ್ಷನ್ ಕೊಟ್ಟೇನಿ. ಈ ಖನಿಜದ ಪುಡಿ ದಿನಾ ಅಳತಿ ಪ್ರಕಾರ ಹಿಂಡ್ಯಾಗ ಕಲಿಸಿ ಹಾಕ್ರಿ."

ಮುಂದಿನ ವಾರ ಹೋದರೆ ಬಚ್ಚಲದ ತಾಮ್ರದ ಹಂಡೆ ಮೇವು ಹಾಕೋ ಗ್ವಾದಲಿ ಮುಂದೆ! ಎಮ್ಮೆ ಆರಾಮ ನೀರು ಕುಡೀತಿತ್ತು. ಅಜ್ಜ ಪ್ಲಾಸ್ಟಿಕ್ ಬಕೀಟಿನಿಂದ ತಣ್ಣೀರು ಸುರಕೊಂಡು ಗಡಗಡ ನಡುಗುತ್ತಿದ್ದ.

"ಇದೇನ್ರಿ ಅಜ್ಜಿ?"

"ತಾಮ್ರ ಕಡಿಮಿ ಬಿದ್ದದ್ದು ಎಮ್ಮಿಗೋ ಇವರಿಗೋ?"

ಉಂಡಿ

ಹಂಡೆಯಿಂದ ಆಗಂಗಿಲ್ಲ, ಪುಡೀನೇ ಹಾಕಬೇಕು ಅಂತ ಡಾಕ್ಟರಮ್ಮ ಮತ್ತೆ ತಿಳಿಸಿದರು. ಎಮ್ಮೆ ಹಿಂಡಿ ಮೂಸಿ ಮಾರಿ ತಿರುಗಿಸಿತು. ಅಜ್ಜಿ ಪುಡೀನ ಬೆಲ್ಲದಾಗ ಕಲಿಸಿ ಉಂಡಿ ಕಟ್ಟಿದಳು. ಎಮ್ಮೆ ಗಬಗಬ ತಿಂತು.

ಒಂದಿನ ನಾ ಹೋದಾಗ ಅಜ್ಜ ಕಟ್ಟೆ ಮ್ಯಾಲೆ ಬಾಯಿ ಒರೆಸಿಕೊಳ್ಳುತ್ತಿದ್ದ. "ಅಂಟಿನುಂಡಿ ಚಲೋ ಆಗೇತಿ. ಕೊಬ್ಬರಿ ಹಾಕೋದು ಮರತಾಳ."

ಅದು ಎಮ್ಮೆಗೆ ಕಟ್ಟಿದ ಉಂಡಿ! ಡಾಕ್ಟರಮ್ಮಗೆ ಫೋನ್ ಹಚ್ಚಿದೆ. "ಒಂದ ಉಂಡಿ ತಾನೆ? ನೀರು ಕುಡಿಸು. ವಾಂತಿ-ಗೀಂತಿ ಆದ್ರ ದವಾಖಾನಿಗೆ ಕರಕೊಂಡು ಹೋಗು" ಅಂದರು.

ಅಜ್ಜಿ ಫೋನ್ ಕಸಕೊಂಡಳು. "ಇವರಿಗೇನಾಗತೈತ್ರಿ, ಕಲ್ಲು ತಿಂದು ಕರಗಿಸ್ಯಾರ. ಎಮ್ಮಿ ಪಾಲು ಹೋತಲ್ಲ, ಅದಕ್ಕೇನು ಮಾಡ್ಲಿ ಹೇಳ್ರಿ!"

ಕುಬಸ

ಕಡೆಗೂ ಬಾವು ಇಳೀತು, ಎಮ್ಮೆ ಮೈ ಹಿಡೀತು. ಆ ಖುಷಿಗೆ ಅಜ್ಜಿ ಚೊಚ್ಚಲ ಬಸುರಿಗೆ ಮಾಡೋ ಹಂಗ ಎಮ್ಮೆಗೆ ಕುಬಸ ಇಟ್ಟುಕೊಂಡಳು. ಕೋಡಿಗೆ ಹಸಿರು ಬಳಿ, ಬೆನ್ನಿಗೆ ಹೊಸ ಖಣ. ಓಣಿ ಹೆಣ್ಣುಮಕ್ಕಳೆಲ್ಲ ಆರತಿ ಹಿಡಿದು ನಿಂತರು.

"ತವರಿನವರು ಯಾರಬೇ?" ಅಂತ ಒಬ್ಬಾಕೆ ಕೇಳಿದಳು. ಎಮ್ಮೆ ಸಂತ್ಯಾಗ ತಂದದ್ದು, ಅದಕ್ಕೆಲ್ಲಿ ತವರು? ಅಜ್ಜಿ ಸೀದಾ ಜೀಪಿಗೆ ಬಂದು ನನ್ನ ರಟ್ಟಿ ಹಿಡಿದಳು.

"ನಿನಗೂ ಹಿಂದ-ಮುಂದ ಯಾರಿಲ್ಲ ಅಂತೀಯಲ್ಲೋ. ಕುಂದರು. ಇವತ್ತಿಂದ ನೀನ ಇದರ ಅಣ್ಣ."

ನನ್ನನ್ನ ಕಂಬಳಿ ಮ್ಯಾಲೆ ಕುಂದ್ರಿಸಿ ಕುಂಕುಮ ಹಚ್ಚಿದರು. "ಮಾರಿ ನೋಡ್ರೆ, ಒಡಹುಟ್ಟಿದವರ!" ಅಂತ ಹಿಂದಿನಿಂದ ಯಾರೋ ಅಂದರು. ಡಾಕ್ಟರಮ್ಮ ನಗುತ್ತ ಫೋಟೋ ಹೊಡೆದರು. ನಗಬೇಕೋ ಅಳಬೇಕೋ ತಿಳೀಲಿಲ್ಲ. ನನ್ನನ್ನ ಹಂಗ ಹಿಡಿದು ಮನಿ ಮಂದಿ ಅಂತ ಕುಂದ್ರಿಸಿದವರು ಅವರೇ ಮೊದಲು. ಅಜ್ಜಿಗೆ ಕೈ ಮುಗಿದೆ.

"ಅಣ್ಣ ಅಂದಮ್ಯಾಲೆ ಏನ್ ಬೇಕಾದ್ರೂ ಹೇಳ್ರಿ ಅಜ್ಜಿ, ಮಾಡ್ತೇನಿ."

ಅಜ್ಜಿ ಎಮ್ಮೆ ಬೆನ್ನು ಸವರುತ್ತ ಕೇಳಿದಳು:

"ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಲ್ಲೋ ತಮ್ಮಾ. ನಿನ್ನ ಬಾಡಿಗಿ ಖೋಲಿ ಬಾಗಿಲಾ ಎಷ್ಟು ಅಗಲ ಐತಿ?"