ಪೇಶ್ಕಾರರ ಮಾವ

ಜಹೀರಾಬಾದಿಗೆ ರೈಲು ಬರುವುದು ಮಧ್ಯಾಹ್ನ ಎರಡೂಕಾಲಿಗೆ. ಅಲ್ಲಿಂದ ನಾರಾಯಣಖೇಡಕ್ಕೆ ಬಸ್ಸು ಹೊರಡುವುದು ಎರಡಕ್ಕೆ. ನಡುವಿನ ಈ ಕಾಲು ಗಂಟೆಯ ದೆಸೆಯಿಂದ ವೈಜಿನಾಥನಿಗೆ ಮೂವತ್ತಾರು ತುಂಬಿದರೂ ಮದುವೆ ಆಗಿರಲಿಲ್ಲ.

ನಗಬೇಡಿ, ಪೂರ್ತಿ ಕೇಳಿ. ವೈಜಿನಾಥ ನಾರಾಯಣಖೇಡದ ಸರಕಾರಿ ಶಾಲೆಯ ಮಾಸ್ತರ. ತಂದೆ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ವರ್ಗವಾಗಿ ಬಂದವನಾದ್ದರಿಂದ ಊರಿನಲ್ಲಿ ತನ್ನವರು ಅನ್ನುವವರೂ ಇರಲಿಲ್ಲ. ಸುತ್ತಮುತ್ತಲಿನ ಹೆಣ್ಣಿನವರು, "ಹಿಂದಿಲ್ಲ ಮುಂದಿಲ್ಲ, ಯಾರ ಮಾರಿ ನೋಡಿ ಹೆಣ್ಣ ಕೊಡೋಣ?" ಎಂದು ಕೈಬಿಟ್ಟಿದ್ದರು. ಉಳಿದದ್ದು ತಾಂಡೂರಿನ ಕಡೆಯ ಸಂಬಂಧಗಳು. ಆ ಕಡೆಯಿಂದ ಎರಡು ಸಲ ಗಂಡು ನೋಡಲು ಹೊರಟವರು ರೈಲಿನಿಂದ ಇಳಿದು ನೋಡಿದರೆ ಬಸ್ಸು ಹೋಗಿಯಾಗಿತ್ತು. ಮುಸಾಫಿರಖಾನೆಯಲ್ಲಿ ತಗಣಿ ಕಚ್ಚಿಸಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಬಂದ ದಾರಿಯನ್ನೇ ಹಿಡಿದರು. ಅವರಲ್ಲೊಬ್ಬ ಹಿರಿಯ, "ಮಗಳನ್ನು ಕಾಶಿಗಾದರೂ ಕೊಟ್ಟೇವು, ನಾರಾಯಣಖೇಡಕ್ಕೆ ಮಾತ್ರ ಕೊಡುವುದಿಲ್ಲ" ಎಂದು ಕಾಗದ ಬರೆದುಬಿಟ್ಟ.

ಊರಿನಲ್ಲಿ ಎಲ್ಲರೂ ಅವನನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ವೈಜಿನಾಥ ಎಂಬ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಂಜೆ ತಾನೇ ರೊಟ್ಟಿ ಬಡಿದು, ತಾನೇ ಬಡಿಸಿಕೊಂಡು, "ಇನ್ನೊಂದು ಹಾಕಲೇನ್ರಿ?" ಎಂದು ತಾನೇ ಕೇಳಿ, "ಸಾಕು ಸಾಕು, ಹೊಟ್ಟಿ ತುಂಬ್ಯಾದ" ಎಂದು ತಾನೇ ಹೇಳುತ್ತಿದ್ದ. ಒಂದು ದಿನ ತನ್ನ ಒತ್ತಾಯಕ್ಕೆ ತಾನೇ ಮಣಿದು ಒಂದು ಹೆಚ್ಚಿಗೆ ತಿಂದ. ತಿನ್ನುವಾಗ ಅಳು ಬಂತು. ಮನೆಯಲ್ಲಿ ಮತ್ತೊಂದು ಗಂಟಲಿನ ಸದ್ದು ಕೇಳಬೇಕೆಂಬ ಆಸೆ ಎಷ್ಟು ಕೆಟ್ಟದ್ದು ಎಂಬುದು ಒಂಟಿಯಾಗಿ ಉಂಡವರಿಗೇ ಗೊತ್ತು.

ಹೀಗಿರುವಾಗ ಪೆದ್ದೆಮುಲ್‌ನ ಮಾಣಿಕಪ್ಪ ಎಂಬವರಿಂದ ಕಾಗದ ಬಂತು. ಒಬ್ಬಳೇ ಮಗಳು, ಪಾರ್ವತಿಬಾಯಿ. ಸೋಮವಾರ ತಾವೇ ಗಂಡು ನೋಡಲು ಬರುತ್ತಾರಂತೆ. ಷರತ್ತು ಎರಡೇ. ಒಂದು, ಮುಂಜಾನೆ ಹೊರಟರೆ ದೀಪ ಹಚ್ಚುವುದರೊಳಗೆ ನಾರಾಯಣಖೇಡ ಮುಟ್ಟಬೇಕು. ಮಗಳ ಮುಖ ನೋಡಲು ಎರಡು ದಿನದ ದಾರಿ ನಡೆಯುವ ಶಕ್ತಿ ತಮಗಿಲ್ಲ. ಎರಡು, ಗಂಡು ಇದ್ದದ್ದನ್ನು ಇದ್ದಂತೆ ಹೇಳುವವನಾಗಿರಬೇಕು. ಸುಳ್ಳು ಹೇಳುವವನಿಗೆ ತಮ್ಮ ಮನೆಯಲ್ಲಿ ನೀರೂ ಇಲ್ಲ.

ಎರಡನೆಯದರ ಚಿಂತೆ ವೈಜಿನಾಥನಿಗೆ ಇರಲಿಲ್ಲ. ಸುಳ್ಳು ಹೇಳಬೇಕೆಂದರೂ ಮನೆಯಲ್ಲಿ ಕೇಳುವವರು ಬೇಕಲ್ಲ. ಮೊದಲನೆಯದಕ್ಕಾಗಿ ಸೋಮವಾರ ರಜೆ ಹಾಕಿ, ಒಗೆದ ಧೋತರ, ಬಿಳಿ ಅಂಗಿ, ಕರಿ ಟೊಪ್ಪಿಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಜಹೀರಾಬಾದಿಗೆ ಬಂದ. ಅದೇ ಬಸ್ಸು ಎರಡು ಗಂಟೆಗೆ ತಿರುಗಿ ಹೊರಡುವುದು. ಅದನ್ನು ಕಾಲು ಗಂಟೆ ನಿಲ್ಲಿಸಿದರೆ ಆಯಿತು, ಹೆಂಡತಿ ಬಂದಂತೆಯೇ.

ಬಸ್ಸೆಂದರೆ ಈಗಿನ ಬಸ್ಸಲ್ಲ. ಲಡಾಯಿಯ ಕಾಲ, ಪೆಟ್ರೋಲು ಕಣ್ಣಿಗೆ ಬೀಳುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಭಟ್ಟಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದ ಓಡಿಸುತ್ತಿದ್ದರು. ಭಟ್ಟಿ ಕಾಯಬೇಕಾದರೆ ಪಕ್ಕದ ಪಂಖಾವನ್ನು ಕೈಯಿಂದ ಅರ್ಧ ತಾಸು ತಿರುವಬೇಕು. ಆ ಕೆಲಸ ಡ್ರೈವರ್ ಕಿಷ್ಟಪ್ಪನದು. ಉಳಿದ ದರ್ಬಾರೆಲ್ಲ ಕಂಡಕ್ಟರ್ ಶಿವಶಂಕರಪ್ಪನದು. ದಪ್ಪ ಮೀಸೆಯ ಆಸಾಮಿ, ಕೊರಳಲ್ಲಿ ಸೀಟಿ.

"ಶಿವಶಂಕರಪ್ಪನೋರೆ, ಇವತ್ತೊಂದಿನ ಬಸ್ಸು ಪಾವ್ ತಾಸು ನಿಲ್ಲಸ್ರಿ. ರೈಲಿಗಿ ನಮ್ಮ ಮಂದಿ ಬರ್ಲತ್ತಾರ" ಎಂದು ವೈಜಿನಾಥ ಕೈ ಮುಗಿದ.

"ಮಾಸ್ತರ, ನಿಮ್ಮ ಸಾಲಿ ಘಂಟಿ ಎಂದಾದ್ರೂ ನಾ ಬಂದು ಹೊಡದೀನೇನು? ಮತ್ತ ನನ್ನ ಸೀಟಿ ನೀವ್ಯಾಕ ಊದಲಾಕ ಬರ್ತೀರಿ?"

"ಒಂದೇ ದಿನ ರೀ..."

"ರೈಲಿನ ದಾರಿ ರೈಲಿಗಿ, ನಮ್ಮ ದಾರಿ ನಮಗ. ಎರಡಂದ್ರ ಎರಡು. ಹೋಗಿ ಕುಂಡ್ರಿ ನಿಮ್ಮ ಜಾಗಾದಾಗ."

ವೈಜಿನಾಥ ಹೋಗಿ ಕುಳಿತ. ಬಸ್ಸು ತುಂಬುತ್ತ ಬಂತು. ಎರಡಕ್ಕೆ ಐದು ನಿಮಿಷ ಇರುವಾಗ ಕಿಷ್ಟಪ್ಪ ಚಹಾ ಕುಡಿಯಲು ಹೋದ. ವೈಜಿನಾಥ ಕುಡಿಯುವ ನೀರಿನ ತಂಬಿಗೆ ಹಿಡಿದುಕೊಂಡು ಹಿಂದಿನಿಂದ ಇಳಿದ. ಜನ್ಮದಲ್ಲಿ ಒಂದು ಇರುವೆಗೂ ಕೇಡು ಬಯಸದ ಮನುಷ್ಯ, ಭಟ್ಟಿಯ ಕಿಂಡಿ ತೆಗೆದು ತಂಬಿಗೆ ಬೋರಲು ಹಾಕಿಬಿಟ್ಟ. ಚುಸ್ಸೆಂದು ಉಗಿ ಎದ್ದು ಟೊಪ್ಪಿಗೆ ಒದ್ದೆಯಾಯಿತು.

"ಅಯ್ಯಯ್ಯಪ್ಪೋ, ಭಟ್ಟಿ ಸತ್ತೋತು!" ಎಂದು ಕಿಷ್ಟಪ್ಪ ಓಡಿಬಂದ.

"ತಾನಾಗೇ ಯಾಕ ಸಾಯ್ತದಾ? ಈ ಮಾಸ್ತರೇ ನೀರ್ ಹೊಯ್ದಾನ! ನನ್ನ ಎರಡೂ ಕಣ್ಣಿಲೆ ನೋಡೀನಿ!" ಹಿಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದವಳು ಪೇರಲ ಹಣ್ಣಿನ ಬುಟ್ಟಿಯ ತುಳಜಾಬಾಯಿ. ಆ ಬಸ್ಸಿನಲ್ಲಿ ಆಕೆ ನೋಡದ ಸಂಗತಿ ಇಲ್ಲ, ಹೇಳದೆ ಉಳಿದದ್ದೂ ಇಲ್ಲ.

ಶಿವಶಂಕರಪ್ಪ ಬಂದು ವೈಜಿನಾಥನ ಅಂಗಿಯ ಕೊರಳಪಟ್ಟಿ ಹಿಡಿದ. "ಖರೇ ಏನ್ರಿ ಮಾಸ್ತರ? ತಲಿ ಗಿಲಿ ಕೆಟ್ಟಾದೇನು?"

"ಇಲ್ರಿ... ರೈಲಿಗಿ ಮಾವ ಬರ್ಲತ್ತಾರ..." ಎಂದುಬಿಟ್ಟ ವೈಜಿನಾಥ. ಎಂಟು ದಿನದಿಂದ ಆ ಒಂದು ಶಬ್ದವೇ ಬಾಯಲ್ಲಿ ಕೂತಿತ್ತು.

"ಯಾರ ಮಾವ?"

ನನ್ನ ಮಾವ ಎನ್ನಬಹುದಿತ್ತು. ಆದರೆ ಇನ್ನೂ ಆಗಿಲ್ಲ. ಆಗಿದ್ದರೂ ಮಾಸ್ತರನ ಮಾವನಿಗೆ ಯಾರು ಬಸ್ಸು ನಿಲ್ಲಿಸುತ್ತಾರೆ? ಕೊರಳಪಟ್ಟಿಯ ಹಿಡಿತ ಬಿಗಿಯಾಯಿತು. "ಪೇ... ಪೇಶ್ಕಾರರ ಮಾವ" ಎಂದ.

ಹಿಡಿತ ಸಡಿಲವಾಯಿತು. ನಾರಾಯಣಖೇಡದ ತಹಸೀಲ ಕಚೇರಿಗೆ ಹೊಸ ಪೇಶ್ಕಾರರು ಬಂದು ತಿಂಗಳಾಗಿತ್ತು. ಬಸ್ಸಿನ ಇದ್ದಿಲಿನ ಪರವಾನಗಿಗೆ ಸಹಿ ಹಾಕುವವರು ಅವರೇ. ಅವರ ಸಹಿ ಇಲ್ಲದಿದ್ದರೆ ಬಸ್ಸನ್ನು ಎತ್ತುಗಳೇ ಎಳೆಯಬೇಕು. ಶಿವಶಂಕರಪ್ಪ ಮುದುಡಿದ ಕೊರಳಪಟ್ಟಿಯನ್ನು ತಾನೇ ನೀವಿ ಸರಿಮಾಡಿದ.

"ಮೊದಲೇ ಹೇಳಬಾರದೇನ್ರಿ ಮಾಸ್ತರ? ನಮ್ಮ ಅನ್ನ ಉಳಿಸಿದ್ರಿ ನೋಡ್ರಿ!"

ಮಾತು ಬಸ್ಸಿನ ತುಂಬ ಹಬ್ಬಿತು. ಪೇಶ್ಕಾರರ ಮಾವನನ್ನು ಬೀದರಿನಲ್ಲಿ ನೋಡಿದ್ದೇನೆ, ಬಾಗಿಲಷ್ಟು ಎತ್ತರ ಎಂದು ಒಬ್ಬ ಹೇಳಿದ. ಅವರದು ಹನ್ನೆರಡು ಎತ್ತಿನ ಒಕ್ಕಲುತನ ಎಂದ ಇನ್ನೊಬ್ಬ. ತುಳಜಾಬಾಯಿಯಂತೂ, "ಅವರಿಗಿ ಪೇರಲ ಅಂದ್ರ ಪ್ರಾಣ. ನನಗ ಗೊತ್ತಿಲ್ಲೇನು?" ಎಂದು ದೊಡ್ಡ ದೊಡ್ಡ ಹಣ್ಣು ಆರಿಸಿಡತೊಡಗಿದಳು. ಕೇಳುತ್ತ ಕೇಳುತ್ತ ವೈಜಿನಾಥನಿಗೇ ಅಂಥವರೊಬ್ಬರು ಬರುತ್ತಿರಬಹುದೇನೋ ಎನಿಸಿತು.

"ನಾ ಠೇಶನ್ನಿಗಿ ಹೋಗಿ ಖುದ್ದು ಕರ್ಕೊಂಡ್ ಬರ್ತೀನಿ" ಎಂದು ಶಿವಶಂಕರಪ್ಪ ಛತ್ರಿ ಎತ್ತಿಕೊಂಡ.

"ನಾನೂ ಬರ್ತೀನ್ರಿ!" ಎಂದ ವೈಜಿನಾಥ.

"ನೀವೆಲ್ಲಿ ಬರ್ತೀರಿ? ಭಟ್ಟಿ ಕೆಡಿಸಿದವರು ಯಾರು? ತಿರುವ್ರಿ ಪಂಖಾ. ಅವರು ಬರೂದರಾಗ ಗಾಡಿ ತಯಾರಿರಬೇಕು. ಕಿಷ್ಟಪ್ಪ, ಇವರನ್ನ ಬಿಡಬ್ಯಾಡ."

ಕಿಷ್ಟಪ್ಪ ಬಿಡಲಿಲ್ಲ. ಅವತ್ತೇ ರೈಲೂ ತಡ. ಎರಡೂವರೆ ಆಯಿತು, ಮೂರಾಯಿತು. ವೈಜಿನಾಥ ಪಂಖಾ ತಿರುವಿದ. ಒದ್ದೆ ಇದ್ದಿಲು ಒಮ್ಮೆ ಹೊಗೆ ಉಗುಳಿತು, ಒಮ್ಮೆ ಬೂದಿ ಉಗುಳಿತು. ಬಿಳಿ ಅಂಗಿ ಕಪ್ಪಾಯಿತು, ಮುಖದಲ್ಲಿ ಕಣ್ಣು ಹಲ್ಲು ಮಾತ್ರ ಬೆಳ್ಳಗೆ ಉಳಿದವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಆದರೂ ಒಳಗೊಳಗೇ ಅವನಿಗೆ ಖುಷಿ. ಇವತ್ತು ಬಸ್ಸು ನಿಂತಿದೆ. ಇನ್ನು ತಿಂಗಳೆರಡು ತಿಂಗಳು, ಅಷ್ಟೇ. ಆಮೇಲೆ ಇನ್ನೊಂದು ಹಾಕಲೇನ್ರಿ ಎಂದು ಬೇರೆ ದನಿ ಕೇಳುತ್ತದೆ, ತಾನು ಸುಮ್ಮನೆ ಕೂತು ಬೇಡ ಬೇಡ ಎಂದರೆ ಸಾಕು.

ಮೂರೂವರೆಗೆ ರೈಲು ಕೂಗಿತು. ಸ್ವಲ್ಪ ಹೊತ್ತಿನಲ್ಲಿ ಶಿವಶಂಕರಪ್ಪ ಬಂದ. ಒಂದು ಕೈಯಲ್ಲಿ ಛತ್ರಿ, ತಲೆಯ ಮೇಲೆ ಪರರ ಗಂಟು. ಛತ್ರಿಯ ನೆರಳಿನಲ್ಲಿ ನಡೆದು ಬಂದವರು ಗಿಡ್ಡನೆಯ, ತೆಳ್ಳನೆಯ, ರುಮಾಲು ಸುತ್ತಿದ ಹಿರಿಯರು. ಸ್ಟೇಷನ್ನಿನಲ್ಲಿ ಇಳಿದವರ ಪೈಕಿ ನಾರಾಯಣಖೇಡಕ್ಕೆ ಹೋಗುವ ಹಿರಿಯರು ಅವರೊಬ್ಬರೇ ಆದ್ದರಿಂದ ಶಿವಶಂಕರಪ್ಪ ಹೆಸರನ್ನೂ ಕೇಳಿರಲಿಲ್ಲ. ಹಿಂದೆ ಇನ್ನೂ ಏಳೆಂಟು ಜನ, ಬಸ್ಸು ಸಿಕ್ಕಿತೆಂಬ ಆನಂದದಲ್ಲಿ ಓಡಿ ಬಂದು ಒಳಗೆ ನುಗ್ಗಿದರು.

"ಏನ್ ಮಂದ್ಯಪ್ಪಾ! ರೈಲು ತಡಾ ಆದ್ರೂ ಬಸ್ಸು ನಿಂತಾದ. ಎದುರಿಗಿ ಬಂದು ಗಂಟು ಹೊತ್ತಾರ!" ಎಂದರು ಆ ಹಿರಿಯರು, ಮಾಣಿಕಪ್ಪನವರು. ಆಮೇಲೆ ಸುತ್ತ ನೋಡಿದರು. "ನಾರಾಯಣಖೇಡದ ವೈಜಿನಾಥ ಅನ್ನಾವ ಯಾರರೆ ಬಂದಾನೇನ್ರಿ ಇಲ್ಲಿ?"

ಜನ ಮುಖ ಮುಖ ನೋಡಿದರು. "ಅಂಥಾ ಹೆಸರಿನವ ನಮ್ಮೂರಾಗ ಯಾರಿಲ್ಲಲ್ರಿ" ಎಂದ ಕಿಷ್ಟಪ್ಪ.

ವೈಜಿನಾಥ ಪಂಖಾ ಬಿಟ್ಟು ಮುಂದೆ ಬಂದ. ಬಾಯಿ ತೆರೆದ. ಅಷ್ಟರಲ್ಲಿ ತುಳಜಾಬಾಯಿ ಪೇರಲ ಹಣ್ಣು ಚಾಚಿ, "ತಗೋರಿ ಎಪ್ಪಾ. ಪೇಶ್ಕಾರ ಅಳಿಯಂದಿರು ಅರಾಮ ಅದಾರಲ್ಲ?" ಎಂದಳು.

"ಯಾವ ಪೇಶ್ಕಾರ ತಂಗಿ? ನನಗಿರಾಕಿ ಒಬ್ಬಾಕೇ ಮಗಳು. ಆಕೀದಿನ್ನಾ ಲಗ್ನನೇ ಆಗಿಲ್ಲ. ಆ ವೈಜಿನಾಥನ್ನೇ ನೋಡಲಾಕ ಹೊಂಟೀನಿ."

ಬಸ್ಸಿನ ನಲವತ್ತು ಮುಖಗಳು ಮಸಿಯ ಮಾಸ್ತರನತ್ತ ತಿರುಗಿದವು.

"ಪೇಶ್ಕಾರರ ಮಾವ ಬರ್ತಾರಂತ ಈ ಮಾಸ್ತರೇ ಹೇಳ್ಯಾನ್ರಿ!" ಎಂದು ತುಳಜಾಬಾಯಿ ಹಣ್ಣನ್ನು ಮರಳಿ ಬುಟ್ಟಿಗೆ ಹಾಕಿದಳು. "ದೀಡ ತಾಸು ಬಿಸಿಲಾಗ ಬೇಯಿಸ್ಯಾನ ನಮಗ!"

ಮಾಣಿಕಪ್ಪನವರ ಹುಬ್ಬು ಗಂಟಾಯಿತು. "ಯಾರಪ್ಪ ನೀನು? ನನ್ನ ಹೆಸರ ಮ್ಯಾಲ ಝೂಟ ಹೇಳಾವ? ಮಾಸ್ತರ ಅಂತಾರ, ಮಕ್ಕಳಿಗೂ ಇದನ್ನೇ ಕಲಸ್ತಿಯೇನು? ಥೂ!"

ನಾನೇ ವೈಜಿನಾಥ ಎಂಬ ಎರಡು ಶಬ್ದ ವೈಜಿನಾಥನ ನಾಲಿಗೆಯ ತುದಿಗೆ ಬಂದು, ಆ ಥೂ ಕೇಳಿ, ಹಾಗೇ ಒಳಗೆ ಹೋದವು. ಈಗ ಬೇಡ, ಊರು ಮುಟ್ಟಿ, ಮುಖ ತೊಳೆದು, ಮನೆಯಲ್ಲಿ ಕೂಡಿಸಿ ಹೇಳೋಣ ಎಂದುಕೊಂಡ. ಪಾಪ, ಅಷ್ಟು ಹೊತ್ತು ಅವನಿಗೆ ಯಾರು ಕೊಡಬೇಕು?

ಶಿವಶಂಕರಪ್ಪ ಗಂಟನ್ನು ಎಸೆಯಲು ಎತ್ತಿದ್ದವನು ಮಗಳು, ಲಗ್ನ ಎಂಬ ಮಾತು ಕೇಳಿ ಮೆಲ್ಲಗೆ ಇಳಿಸಿಕೊಂಡ. ಮೀಸೆ ನೀವಿದ.

"ಹಿರ್ಯಾರೇ, ಅಂವ ಏನರೆ ಅನ್ಲಿ ಬಿಡ್ರಿ. ನೀವು ಪೇಶ್ಕಾರರ ಮಾವ ಆಗ್ರಿ, ಬಿಡ್ರಿ, ನನಗೇನು? ರೈಲಿನ ಮಂದಿ ಬರೂತನಕ ಬಸ್ಸು ನಿಲ್ಲಸೂದು ನನ್ನ ನೇಮ. ದಿನಾ ನಿಲ್ಲಸ್ತೀನಿ. ಕೇಳ್ರಿ ಬೇಕಾದ್ರ ಈ ಮಂದಿಗಿ."

ಸುಳ್ಳೆಂದರೆ ಇದು. ಮಾಸ್ತರನದು ಅದರ ಮುಂದೆ ಕೂಸು. ಆದರೆ ಮಂದಿಗೆ ಹೊಟ್ಟೆ ಹಸಿದಿತ್ತು, ಬಸ್ಸು ಬಿಟ್ಟರೆ ಸಾಕಾಗಿತ್ತು. "ಹೌದ್ರಿ, ದಿನಾ ನಿಲ್ಲಸ್ತಾನ್ರಿ!" ಎಂದು ಒಂದೇ ದನಿಯಲ್ಲಿ ಕೂಗಿದರು. "ದೇವರಂಥಾ ಮನುಷ್ಯಾ!" ಎಂದು ತುಳಜಾಬಾಯಿ ಕಣ್ಣೊರೆಸಿಕೊಂಡಳು ಸಹ.

ಮಾಣಿಕಪ್ಪ ಶಿವಶಂಕರಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಸೀಟಿಯ ಹಿಂದೆ ಕೊರಳಲ್ಲಿ ಲಿಂಗದ ಕರಡಿಗೆ ಕಾಣಿಸಿತು. "ಯಾವ ಮಠಕ್ಕ ನಡಕೊಳ್ತೀರಿ?" ಎಂದರು. ಹೇಳಿದ. "ಮನ್ಯಾಗ ಯಾರ್ಯಾರು?"

"ತಾಯಿ ಒಬ್ಬಾಕಿ ರೀ. ಹೆಂಡ್ತಿ ತೀರಿಕೊಂಡು ಮೂರು ವರ್ಷ ಆತು. ಮಕ್ಕಳಿಲ್ಲ."

ಮಾಣಿಕಪ್ಪ ಗಡ್ಡ ಕೆರೆದುಕೊಂಡರು. "ನೋಡಪ್ಪ, ನನಗ ಬೇಕಾದದ್ದು ಎರಡೇ. ಇದ್ದದ್ದು ಇದ್ದಂಗ ಹೇಳಾವ, ಮತ್ತ ಮಗಳ ಮನಿಗಿ ಒಂದೇ ದಿನಕ್ಕ ಮುಟ್ಟೂ ದಾರಿ. ಬಸ್ಸೇ ಅಳಿಯನ ಕೈಯಾಗಿದ್ರ ಮತ್ತೇನ ಬೇಕು? ಆ ವೈಜಿನಾಥ ನೋಡು, ಠೇಶನ್ನಿಗೂ ಬಂದಿಲ್ಲ. ನಡಿ, ಮೊದಲು ನಿಮ್ಮ ತಾಯಿನ್ನ ನೋಡೂಣು."

ಶಿವಶಂಕರಪ್ಪ ನಾಚಿಕೊಂಡ. ಆ ಮೀಸೆಯ ಕೆಳಗೆ ನಾಚಿಕೆಗೆ ಜಾಗ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹಿರಿಯರನ್ನು ಕೈಹಿಡಿದು ಮುಂದಿನ ಸೀಟಿನಲ್ಲಿ ಕೂಡಿಸಿದ.

ವೈಜಿನಾಥನ ಕಿವಿಯಲ್ಲಿ ಭಟ್ಟಿಯ ಗುಂಯ್ ಎನ್ನುವ ಸದ್ದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಬಸ್ಸು ಬುಸುಗುಟ್ಟುತ್ತ ಎದ್ದಿತು. ಬೆಂಕಿ ಚೆನ್ನಾಗಿ ಹಿಡಿದಿತ್ತು, ಅಷ್ಟು ಚೆನ್ನಾಗಿ ತಿರುವಿದ್ದ. ಓಡಿಹೋಗಿ ಬಾಗಿಲಿನ ಕಂಬಿ ಹಿಡಿದ. ಒಳಗೆ ಅವನ ಜಾಗದಲ್ಲಿ ರೈಲಿನಿಂದ ಇಳಿದವನೊಬ್ಬ ಕೂತಿದ್ದ.

"ಜಾಗಾ ಇಲ್ರಿ ಮಾಸ್ತರ, ನಾಳಿ ಬರ್ರಿ" ಎಂದು ಶಿವಶಂಕರಪ್ಪ ಅವನ ಕೈ ಬಿಡಿಸಿ ಸೀಟಿ ಊದಿದ.

ಮಾಣಿಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಸಿಟ್ಟು ಇಳಿದಿತ್ತು, ಮನಸ್ಸು ಹಗುರಾಗಿತ್ತು. "ಮಾಸ್ತರ, ನೀವು ಆ ಊರಿನವರೇ ಅಲ್ಲೇನು? ಆ ವೈಜಿನಾಥನ್ನ ಹುಡುಕಿ ಒಂದ್ ಮಾತು ಹೇಳ್ರಿ, ಹೆಣ್ಣಿನವರು ಬ್ಯಾರೆ ಕಡಿ ನೋಡ್ಕೊಂಡಾರಂತ. ಆದ್ರ ನೀವೂ ನಾಳೀಗಿ ಹೋಗಾವರು... ಇವತ್ತ ಅವಗ ಯಾರು ಹೇಳ್ಬೇಕು? ಪಾಪ, ದಾರಿ ನೋಡ್ಕೋತ ಕುಂತಿರ್ತಾನ ಹುಡುಗ!"

ವೈಜಿನಾಥ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದ. "ಅವಗ ಗೊತ್ತಾಗ್ಯಾದ್ರಿ" ಎಂದ.

"ಏನಂದ್ರಿ?" ಎಂದು ಮಾಣಿಕಪ್ಪ ಕಿವಿಗೆ ಕೈ ಹಚ್ಚಿದರು. ಬಸ್ಸು ನಾರಾಯಣಖೇಡದ ರಸ್ತೆಗೆ ಹೊರಳಿತು.