ಮುದ್ದೆಕೋಲು ಮತ್ತು ಮೂರು ಸೆಲ್ಲಿನ ಟಾರ್ಚು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಹೇಳುವವರೆಲ್ಲ ಒಮ್ಮೆಯಾದರೂ ಅದನ್ನು ಚೆನ್ನಾಗಿ ಪಟ್ಟವರೇ ಇರಬೇಕು. ಇಲ್ಲದಿದ್ದರೆ ಅಷ್ಟು ವಿವರವಾಗಿ ಹೇಗೆ ಹೇಳುತ್ತಾರೆ? ನಾನು ಪಟ್ಟಿದ್ದು ಒಂದು ಮುದ್ದೆಯ ಮೇಲೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹೆಣ್ಣಿನ ವಿಷಯವಾಗಿ ಪಟ್ಟಿದ್ದರೆ ಹೇಳಿಕೊಳ್ಳಲು ಒಂದು ಗತ್ತಾದರೂ ಇರುತ್ತಿತ್ತು.

ನಮ್ಮ ಕಾಲೇಜಿನವರು ಬೆಟ್ಟಗಳ ನಡುವಿನ ಒಂದು ಡ್ಯಾಮಿನ ದಂಡೆಯಲ್ಲಿ ವಾರದ ಶಿಬಿರ ಹಾಕಿದ್ದರು. ಚರಿತ್ರೆ ಮೇಷ್ಟ್ರು ಬಂದ ದಿನವೇ ಮೂರು ಸೆಲ್ಲಿನ ಟಾರ್ಚೊಂದನ್ನು ಎತ್ತಿ ತೋರಿಸಿ, "ಶಿಬಿರಕ್ಕೆ ಯಾರು ಹೆಚ್ಚು ಉಪಯೋಗಕ್ಕೆ ಬರ್ತಾರೋ ಅವರಿಗೆ ಇದು" ಎಂದಿದ್ದರು. ಟಾರ್ಚು ನನ್ನದೇ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಪ್ರಿನ್ಸಿಪಾಲರ ಕೆಮ್ಮು, ಮಾಲೂರು ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುವವನ ಕೂಗು, ನಮ್ಮಪ್ಪ ನನ್ನ ಬೆಲ್ ಬಾಟಮ್ ನೋಡಿ ಬೈಯುವ ರೀತಿ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಮೊದಲ ದಿನ ಅವನ್ನೆಲ್ಲ ಮಾಡಿ ತೋರಿಸಿದಾಗ ಎಲ್ಲರೂ ನಕ್ಕು ನಕ್ಕು ಮರಳಿನ ಮೇಲೆ ಹೊರಳಾಡಿದರು.

ಎರಡನೆಯ ದಿನ ಅಡಿಗೆಯವನು ಜ್ವರ ಬಂದು ಊರಿಗೆ ಹೋದ. ಸುಗಟೂರಿನ ಮುನಿರಾಜು, ಮನೆಯಲ್ಲಿ ರೇಷ್ಮೆಹುಳು ಸಾಕುವ, ನಾಲ್ಕು ಮಾತಿಗೆ ಒಂದು ಮಾತಾಡುವ ಹುಡುಗ, ಲುಂಗಿ ಎತ್ತಿ ಕಟ್ಟಿಕೊಂಡು ಇಪ್ಪತ್ತು ಜನಕ್ಕೆ ಮುದ್ದೆ ತೊಳಸಿಬಿಟ್ಟ. ಮೇಷ್ಟ್ರು ಎರಡು ನುಂಗಿ, "ನಮ್ಮಮ್ಮನ ಕೈ ಮುದ್ದೆ ಕಣಯ್ಯ" ಎಂದು ಕಣ್ಣೊರೆಸಿಕೊಂಡರು. ನನ್ನ ಕೆಮ್ಮಿಗೆ ಯಾರೂ ಕಣ್ಣೊರೆಸಿಕೊಂಡಿರಲಿಲ್ಲ. ಟಾರ್ಚು ನೀರಿನ ಆಚೆ ದಡಕ್ಕೆ ಹೋದಂತೆ ಕಂಡಿತು.

ಮೂರನೆಯ ದಿನ ನಾನು ಒಲೆಯ ಪಕ್ಕದಲ್ಲೇ ಕೂತು ಅವನನ್ನು ಕಲಿತೆ. ಪಾತ್ರೆ ಜಾರದಂತೆ ಕವೆಗೋಲಿನಿಂದ ಒತ್ತಿಹಿಡಿಯುವುದು, ಕೋಲು ತಿರುವುವಾಗ ಎಡ ಭುಜ ಏರಿಸುವುದು, ಹಲ್ಲು ಕಚ್ಚಿ "ರಾ ರಾ" ಎಂದು ಹಿಟ್ಟನ್ನು ತೆಲುಗಿನಲ್ಲಿ ಕರೆಯುವುದು. ನಡುವೆ ಅವನು ಹಿಟ್ಟು ಸುರಿದು, ಕೋಲು ಮುಟ್ಟದೆ, ಸುಮಾರು ಹೊತ್ತು ಡ್ಯಾಮಿನ ನೀರು ನೋಡುತ್ತಾ ಕೂರುತ್ತಿದ್ದ. ಅದು ಸೋಮಾರಿತನ ಎಂದು ನಾನು ಬಿಟ್ಟುಬಿಟ್ಟೆ.

ನಾಲ್ಕನೆಯ ದಿನ ಎಸರು ಕುದಿಯುವ ಹೊತ್ತಿಗೆ ಡೇರೆಯ ಹಿಂದೆ ನಿಂತು ಮೇಷ್ಟ್ರ ದನಿಯಲ್ಲಿ ಕೂಗಿದೆ: "ಮುನಿರಾಜು, ಕೆಳಗಿನ ಊರಿಂದ ಒಂದು ಹೊರೆ ಸೌದೆ ತಗೊಂಡು ಬಾರಯ್ಯ." ಅವನು ಕೋಲು ಕೆಳಗಿಟ್ಟು, ಲುಂಗಿ ಇಳಿಸಿ, ಹೊರಟೇಹೋದ.

ಆಮೇಲೆ ನನ್ನ ಪ್ರದರ್ಶನ. ಹಿಟ್ಟು ಸುರಿದವನೇ ತಿರುವಿದೆ. ಭುಜ ಏರಿತು, ಹಲ್ಲು ಕಚ್ಚಿಕೊಂಡಿತು, "ರಾ ರಾ" ಬಂತು. ಹುಡುಗರು ಹೊಟ್ಟೆ ಹಿಡಿದುಕೊಂಡು, "ಲೇ, ಥೇಟ್ ಮುನಿರಾಜು ಕಣ್ಲಾ" ಎಂದರು. ಮುದ್ದೆ ಮಾತ್ರ ಮುನಿರಾಜುವಿನದಾಗಲಿಲ್ಲ. ಮೇಷ್ಟ್ರು ಸ್ನಾನ ಮುಗಿಸಿ ಬಂದು, ಎಲೆಯ ಮುಂದೆ ಕೂತು ಮುದ್ದೆ ಮುರಿದರೆ ಒಳಗಿನ ಗಂಟು ಒಡೆದು ಹಸಿ ಹಿಟ್ಟು ಅವರ ಮೀಸೆಗೆ ಹಾರಿತು.

"ಮುನಿರಾಜು ಎಲ್ಲಯ್ಯ?" ಎಂದರು. ಅಷ್ಟರಲ್ಲಿ ಅವನೇ ಹೊರೆ ಹೊತ್ತು ಬಂದ. "ಎಲ್ಲಿಗೆ ಹೋಗಿದ್ದೆ?"

ನನ್ನ ಗಂಟಲಲ್ಲಿ ಆಗ ಯಾರ ದನಿಯೂ ಇರಲಿಲ್ಲ. ಮುನಿರಾಜು ನನ್ನ ಕಡೆ ನೋಡಿ, "ಸೌದೆ ಮುಗಿದಿತ್ತು ಸಾರ್, ನಾನೇ ಹೋದೆ" ಎಂದ. ಹೊಸ ಎಸರಿಟ್ಟ.

ಸಂಜೆ ಪಾತ್ರೆ ಉಜ್ಜುತ್ತಾ ಮೆಲ್ಲಗೆ ಕೇಳಿದೆ, "ನಿಂಗೆ ಗೊತ್ತಾಗ್ಲಿಲ್ವೇನೋ?"

"ಮೇಷ್ಟ್ರು ನನ್ನ ಕಣ್ಮುಂದೇನೆ ಕತ್ತಿನ ತನಕ ನೀರಲ್ಲಿದ್ರು ಕಣೋ. ಡೇರೆ ಹಿಂದ್ಗಡೆಯಿಂದ ಹೆಂಗೆ ಕೂಗ್ತಾರೆ?"

"ಮತ್ಯಾಕೆ ಹೋದೆ?"

"ನಿನ್ನೆಯೆಲ್ಲ ಕೋಲನ್ನೇ ನೋಡ್ತಿದ್ದೆಯಲ್ಲ. ಪಾಪ, ಆಸೆ ಇರಬೇಕು, ಒಂದ್ಸಲ ತೊಳಸ್ಲಿ ಅಂತ."

ಟಾರ್ಚು ಅವನಿಗೇ ಹೋಯಿತು. ಅದಕ್ಕಾಗಿಯಾದರೂ ಅವನು ಸ್ವಲ್ಪ ಮೆರೆದಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಆಧಾರ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ ಪುಣ್ಯಾತ್ಮ.

ಈಗಲೂ ಮದುವೆಮನೆಗಳಲ್ಲಿ ಜನ ನನ್ನನ್ನು ನಿಲ್ಲಿಸಿ ಇವರನ್ನು ಮಾಡು, ಅವರನ್ನು ಮಾಡು ಎನ್ನುತ್ತಾರೆ, ಮಾಡುತ್ತೇನೆ. ಮುನಿರಾಜುವನ್ನು ಮಾತ್ರ ಮಾಡಲು ಬರುವುದಿಲ್ಲ. ಅವನನ್ನು ಸರಿಯಾಗಿ ಮಾಡಬೇಕೆಂದರೆ ಹಿಟ್ಟು ಬೇಯುವ ತನಕ ನೀರು ನೋಡುತ್ತಾ ಸುಮ್ಮನೆ ಕೂರಬೇಕು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ನನ್ನ ಕೈಲಾಗುವ ಕೆಲಸವಲ್ಲ.